ಬ್ಯಾಟರಿ ಇಳಿದಾಗ ಕಾರಿನ ಡಿಕ್ಕಿ ತೆರೆಯುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಬ್ಯಾಟರಿ ಪೂರ್ತಿ ಇಳಿದಿದೆ, ರಿಮೋಟ್ ಕೆಲಸ ಮಾಡುತ್ತಿಲ್ಲ, ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿಯಲ್ಲಿ ಕೀ ಹಾಕುವ ತೂತೇ ಇಲ್ಲ. ಒಳಗಿನ ಸಾಮಾನು ತೆಗೆಯುವುದು ಹೇಗೆ?

ಹೋದ ಮಳೆಗಾಲದಲ್ಲಿ ನನಗೂ ಹೀಗೇ ಆಯಿತು. ಬದಿಯಡ್ಕದ ನೆಂಟರ ಮನೆಯಂಗಳದಲ್ಲಿ ಕಾರು ನಿಲ್ಲಿಸಿದ್ದೆ. ಒಳಗಿನ ಲೈಟು ರಾತ್ರಿಯಿಡೀ ಉರಿದಿತ್ತು. ಬೇರೆ ಕಾರಿನ ಬ್ಯಾಟರಿಯಿಂದ ಕರೆಂಟ್ ತೆಗೆದುಕೊಳ್ಳುವ ಜಂಪರ್ ಕೇಬಲ್ ಇತ್ತು, ಆದರೆ ಡಿಕ್ಕಿಯೊಳಗೆ. ಅಮ್ಮನ ಮಾತ್ರೆಯ ಚೀಲವೂ ಅಲ್ಲೇ.

ಮೊದಲು ಡ್ರೈವರ್ ಬಾಗಿಲು ತೆರೆಯಿರಿ. ಬಟನ್ ಸ್ಟಾರ್ಟ್ ಕಾರಾದರೆ ರಿಮೋಟಿನ ಒಳಗೇ ಒಂದು ಚಿಕ್ಕ ಲೋಹದ ಕೀ ಇರುತ್ತದೆ. ಒಳಗೆ ಹೋದ ಮೇಲೆ ಹಿಂದಿನ ಸೀಟಿನ ಬೆನ್ನು ಮಡಚಿ, ಡಿಕ್ಕಿಯತ್ತ ತೆವಳಿಕೊಂಡು ಹೋಗಿ. ಡಿಕ್ಕಿ ಬಾಗಿಲಿನ ಒಳಮೈಯನ್ನು ಟಾರ್ಚ್ ಹಾಕಿ ನೋಡಿ. ಲಾಕ್ ಇರುವ ಕಡೆ, ಕೆಳಗೆ ನಡುವೆ, ಹಲವು ಕಾರುಗಳಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಮುಚ್ಚಳ ಅಥವಾ ಸೀಳು ಇರುತ್ತದೆ. ನನ್ನ ಕಾರಿನಲ್ಲಿ ಅದು ಬೆಂಕಿಪೆಟ್ಟಿಗೆಯಷ್ಟಿತ್ತು. ಉಗುರಲ್ಲಿ ಬರಲಿಲ್ಲ, ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿದೆ. ಒಳಗೆ ಒಂದು ಪುಟ್ಟ ಲಿವರ್. ಅದನ್ನು ಪಕ್ಕಕ್ಕೆ ತಳ್ಳಿದ ಕೂಡಲೇ ಟಕ್ ಅಂತ ಶಬ್ದ ಬಂತು, ಬಾಗಿಲು ಸಡಿಲವಾಯಿತು. ಅಷ್ಟೇ.

ಅಂಥದ್ದು ನಿಮ್ಮ ಕಾರಿನಲ್ಲಿ ಇಲ್ಲದಿದ್ದರೆ ಬಾಗಿಲಿನ ಒಳಮೈಯ ಹೊದಿಕೆ (ಟ್ರಿಮ್) ಕಿತ್ತು ಹಾಳು ಮಾಡಬೇಡಿ. ಬಾನೆಟ್ ಸಾಮಾನ್ಯವಾಗಿ ಕೇಬಲ್ ಎಳೆದೇ ತೆರೆಯುವಂಥದ್ದು, ಅದಕ್ಕೆ ಕರೆಂಟ್ ಬೇಡ. ಬ್ಯಾಟರಿ ಅಲ್ಲೇ ಇದ್ದರೆ ಯಾರದಾದರೂ ಕಾರಿನಿಂದ ಜಂಪ್ ಮಾಡಿ. ಕೆಂಪು ಕೇಬಲನ್ನು ಇಳಿದ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯದರ ಪ್ಲಸ್‌ಗೆ. ಕಪ್ಪು ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿ ನಿಮ್ಮ ಎಂಜಿನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಪಕ್ಕದಲ್ಲೇ ಕಿಡಿ ಹಾರಬಾರದು. ಕರೆಂಟ್ ಬಂದರೆ ಡಿಕ್ಕಿಯ ಸ್ವಿಚ್ಚೂ ಕೆಲಸ ಮಾಡುತ್ತದೆ.

ಹಳೆಯ ಸೆಡಾನ್ ಇರುವವರಿಗೂ ಒಂದು ಮಾತು. ಸೀಟಿನ ಪಕ್ಕದ ಲಿವರ್ ಎಳೆದರೂ ಡಿಕ್ಕಿ ಏಳದಿದ್ದರೆ ಜಾಸ್ತಿ ಬಲ ಹಾಕಬೇಡಿ, ಕೇಬಲ್ ಹರಿಯುತ್ತದೆ. ಒಬ್ಬರು ಡಿಕ್ಕಿಯನ್ನು ಮೇಲಿನಿಂದ ಒತ್ತಿ ಹಿಡಿಯಲಿ, ಇನ್ನೊಬ್ಬರು ಲಿವರ್ ಎಳೆಯಲಿ. ಲಾಕಿನ ಮೇಲಿನ ಬಿಗಿ ಸಡಿಲಾಗಿ ಬಿಟ್ಟುಕೊಳ್ಳುತ್ತದೆ. ಕುಂಬಳೆ, ಉಪ್ಪಳದಂಥ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಲಾಕ್ ಬೇಗ ತುಕ್ಕು ಹಿಡಿಯುತ್ತದೆ. ಮಳೆಗಾಲಕ್ಕೆ ಮೊದಲು ಗ್ರೀಸ್ ಹಚ್ಚಿಸಿ.

ಸೆಡಾನ್ ಡಿಕ್ಕಿಯ ಒಳಗಿನಿಂದ ತೆರೆಯುವ ವ್ಯವಸ್ಥೆ ಇದೆಯಾ ಅಂತಲೂ ನೋಡಿಕೊಳ್ಳಿ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್‌ನಿಂದ ತಯಾರಾದ ಇಂಥ ಕಾರುಗಳಲ್ಲಿ ಇದು ಕಡ್ಡಾಯ. ಕತ್ತಲಲ್ಲೂ ಹೊಳೆಯುವ ಹಿಡಿ ಇರುತ್ತದೆ, ಸಿಕ್ಕಿಬಿದ್ದ ಮಗು ಎಳೆಯಲಿ ಅಂತ. ನಮ್ಮ ಕಡೆ ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಕಾರನ್ನೂ ಬಿಡುವುದಿಲ್ಲ, ಅಲ್ವಾ? ನಿಮ್ಮ ಕಾರಿನಲ್ಲಿ ಅಂಥ ಹಿಡಿ ಇದ್ದರೆ ಮಕ್ಕಳಿಗೆ ತೋರಿಸಿಕೊಡಿ, ಇಲ್ಲದಿದ್ದರೆ ಕೀ ಅವರ ಕೈಗೆ ಸಿಗದಂತೆ ಇಡಿ.

ನನ್ನ ಜಂಪರ್ ಕೇಬಲ್ ಮತ್ತು ಸ್ಕ್ರೂಡ್ರೈವರ್ ಈಗ ಮುಂದಿನ ಸೀಟಿನ ಕೆಳಗಿವೆ. ಅಮ್ಮನ ಮಾತ್ರೆ ಅಮ್ಮನ ಕೈಚೀಲದಲ್ಲೇ.