ಬಾರ್ಸಿಲೋನಾದ ಪಸೇಜ್ ದೆ ಗ್ರಾಸಿಯಾ ಬೀದಿಯಲ್ಲಿ ದುಬಾರಿ ಅಂಗಡಿಗಳನ್ನು ಬಿಟ್ಟು ನೋಡುವಂಥದ್ದು ಏನಿದೆ?

ಅಂಗಡಿಗಳತ್ತ ನೋಡದಿದ್ದರೂ ನಷ್ಟವಿಲ್ಲ, ತಲೆಯೆತ್ತಿ ಕಟ್ಟಡಗಳನ್ನು ನೋಡಿ. 19ನೆಯ ಶತಮಾನದ ಮಧ್ಯದಲ್ಲಿ ಕೋಟೆಗೋಡೆ ಕೆಡವಿ, ಎಂಜಿನಿಯರ್ ಸೆರ್ದಾ ಅವರ 1859ರ ನಗರ ವಿಸ್ತರಣಾ ಯೋಜನೆಯಂತೆ ಊರು ಹೊರಕ್ಕೆ ಬೆಳೆದಾಗ ಸಿರಿವಂತರು ಇಲ್ಲಿಗೆ ಬಂದರು. ಹೆಸರಾಂತ ವಾಸ್ತುಶಿಲ್ಪಿಗಳಿಂದ ಪೈಪೋಟಿಯ ಮೇಲೆ ಮನೆ ಕಟ್ಟಿಸಿದರು.

ಆ ಪೈಪೋಟಿ ಕಣ್ಣಿಗೆ ಹೊಡೆದು ಕಾಣುವುದು ಒಂದೇ ಸಾಲಿನಲ್ಲಿರುವ ಮೂರು ಮನೆಗಳಲ್ಲಿ: ದೊಮೆನೆಕ್ ಇ ಮುಂತಾನೆರ್ ಅವರ ಕಾಸಾ ಯೆಯೋ ಮುರೇರಾ, ಚಾಕೊಲೇಟ್ ತಯಾರಕರೊಬ್ಬರಿಗಾಗಿ ಪುಚ್ ಇ ಕಾದಾಫಾಲ್ಕ್ ರೂಪಿಸಿದ, ಮೆಟ್ಟಿಲುಮೆಟ್ಟಿಲಾದ ನೆತ್ತಿಯ ಕಾಸಾ ಅಮತ್ಯೆರ್, ಅದಕ್ಕೆ ಅಂಟಿಕೊಂಡೇ ಇರುವ ಗೌಡಿಯ ಕಾಸಾ ಬಾಟ್ಯೋ.

ನನ್ನ ಮಟ್ಟಿಗೆ ಬಾಟ್ಯೋ ಎಲ್ಲಕ್ಕಿಂತ ಮಿಗಿಲು. ಹಳೆಯ ಮನೆಯೊಂದನ್ನು ಗೌಡಿ 1904ರಿಂದ 1906ರವರೆಗೆ ಹೊಸದಾಗಿ ಮಾರ್ಪಡಿಸಿದರು. ಮೂಳೆಯಂಥ ಕಂಬಗಳನ್ನು ಎಲ್ಲರೂ ಮೆಚ್ಚುತ್ತಾರೆ. ಆದರೆ ನಿಜವಾದ ಜಾಣ್ಮೆ ಇರುವುದು ಒಳಗಿನ ಬೆಳಕಿಂಡಿಯಲ್ಲಿ, ಅಂದರೆ ಚಾವಣಿಯಿಂದ ಕೆಳಮಹಡಿಯವರೆಗೆ ಬೆಳಕು ಇಳಿಸುವ ಬಾವಿಯಂಥ ಜಾಗದಲ್ಲಿ. ಅದರ ಗೋಡೆಗಳಿಗೆ ಮೇಲೆ ಕಡುನೀಲಿ ಟೈಲ್‌ಗಳು, ಕೆಳಗಿಳಿದಂತೆ ತಿಳಿಯಾಗುವ ಬಣ್ಣ. ಬಿಸಿಲು ಹೆಚ್ಚಿರುವ ಮೇಲಂತಸ್ತಿಗೆ ಚಿಕ್ಕ ಕಿಟಕಿಗಳು, ಕೆಳಗಿನವಕ್ಕೆ ದೊಡ್ಡವು. ಹೀಗೆ ಎಲ್ಲ ಮಹಡಿಗಳಿಗೂ ಬೆಳಕು ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗುತ್ತದೆ. ಇಕ್ಕಟ್ಟಿನ ನಿವೇಶನದಲ್ಲಿ ಮನೆ ಕಟ್ಟುವ ಯಾರಾದರೂ ಇದನ್ನು ನೋಡಿ ಕಲಿಯಬಹುದು.

ಅದೇ ಬೀದಿಯ ಮೇಲ್ಭಾಗದಲ್ಲಿ ಗೌಡಿಯದೇ ಕಾಸಾ ಮಿಲಾ ಇದೆ. ಅಲೆಯಂತೆ ಬಳುಕುವ ಕಲ್ಲಿನ ಮುಖವಿದ್ದರೂ ಭಾರ ಹೊರುವುದು ಒಳಗಿನ ಕಂಬಗಳು ಮತ್ತು ಉಕ್ಕಿನ ತೊಲೆಗಳು. ಆದ್ದರಿಂದ ಕೋಣೆಗಳ ಗೋಡೆಗಳನ್ನು ಬೇಕಾದಂತೆ ಬದಲಿಸಬಹುದು. 1984ರಲ್ಲೇ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದ ಕಟ್ಟಡವಿದು.

ಬಾಟ್ಯೋ, ಮಿಲಾ ಎರಡಕ್ಕೂ ಬೇರೆಬೇರೆ ಟಿಕೆಟ್. ಒಂದಕ್ಕೆ ಮಾತ್ರ ಸಮಯವಿದ್ದರೆ ಬಾಟ್ಯೋಗೆ ಹೋಗಿ.