ರಕ್ಷಣೆಗೇ ಮಿತಿ ಹಾಕಿಕೊಂಡಿದ್ದು ಯಾಕೆ?

ಪ್ರಶ್ನೆ: ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ವರ್ಷಗಟ್ಟಲೆ ಮಾತುಕತೆ ನಡೆಸಿದರೂ ಅಣುಬಾಂಬ್ ಹೋಗಲಿಲ್ಲ. ಬದಲಿಗೆ 1972ರಲ್ಲಿ, ಬರುವ ಕ್ಷಿಪಣಿಯನ್ನು ಹೊಡೆದುರುಳಿಸುವ ವ್ಯವಸ್ಥೆಗೇ ಮಿತಿ ಹಾಕಿಕೊಂಡವಂತೆ. ಇದೆಂಥ ವಿಚಿತ್ರ?

ಉತ್ತರ: ವಿಚಿತ್ರ ಅನ್ನಿಸುವುದು ಸಹಜ. 1967ರಲ್ಲಿ ಅಮೆರಿಕದ ಗ್ಲಾಸ್‌ಬರೋದಲ್ಲಿ ರಕ್ಷಣಾ ಕಾರ್ಯದರ್ಶಿ ಮ್ಯಾಕ್‌ನಮಾರಾ ಇದೇ ಮಾತು ಹೇಳಿದಾಗ ಸೋವಿಯತ್ ಪ್ರಧಾನಿ ಕೊಸಿಗಿನ್ ಸಿಟ್ಟಾಗಿದ್ದರು. ಜನರನ್ನು ಕಾಪಾಡಿಕೊಳ್ಳುವುದು ತಪ್ಪು ಹೇಗಾಗುತ್ತದೆ, ಅಲ್ವಾ?

ಲೆಕ್ಕ ಹೀಗಿದೆ. ನಿಮ್ಮ ಎದುರಾಳಿಯ ಬಳಿ ಗಟ್ಟಿ ತಡೆ ಇದೆ ಅಂದುಕೊಳ್ಳಿ. ಅವನು ಮೊದಲೇ ದಾಳಿ ಮಾಡಿ ನಿಮ್ಮ ಬಹುಪಾಲು ಕ್ಷಿಪಣಿಗಳನ್ನು ನಾಶ ಮಾಡಬಹುದು. ಉಳಿದ ಕೆಲವನ್ನು ನೀವು ಹಾರಿಸಿದರೆ ಆ ತಡೆಯಲ್ಲೇ ಹೊಡೆದು ಹಾಕಬಹುದು. ಇದು ಗೊತ್ತಿರುವ ನೀವು ಸುಮ್ನೆ ಕೂರುತ್ತೀರಾ? ಇನ್ನೂ ಜಾಸ್ತಿ ಕ್ಷಿಪಣಿ ಕಟ್ಟುತ್ತೀರಿ. ಗಲಾಟೆ ಬಿಗಡಾಯಿಸಿದರೆ, ಇರುವುದು ಹಾಳಾಗುವ ಮೊದಲೇ ಹಾರಿಸಿಬಿಡೋಣ ಅನ್ನಿಸುತ್ತದೆ. ಯಾರಿಗೂ ಹಾಗೆ ಅನ್ನಿಸದಂತೆ ಮಾಡುವುದೇ ಈ ಮಾತುಕತೆಗಳ ಮುಖ್ಯ ಗುರಿ. ಬಾಂಬ್ ಪೂರ್ತಿ ತೊಲಗಿಸುವುದು ಭಾಷಣಗಳಲ್ಲಿತ್ತು, ಅಷ್ಟೇ. ಕೊನೆಗೆ ಮಾಸ್ಕೋ ಈ ಲೆಕ್ಕವನ್ನು ಒಪ್ಪಿತು. 1972ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಮತ್ತು ಸೋವಿಯತ್ ನಾಯಕ ಬ್ರೆಝ್ನೆವ್, ಕ್ಷಿಪಣಿ ತಡೆಗೆ ಮಿತಿ ಹಾಕುವ ಎಬಿಎಂ ಒಪ್ಪಂದಕ್ಕೆ ಸಹಿ ಹಾಕಿದರು. ಒಂದೊಂದು ದೇಶಕ್ಕೆ ಎರಡೇ ತಾಣ, ತಾಣಕ್ಕೆ 100 ತಡೆ ಕ್ಷಿಪಣಿ. 1974ರಲ್ಲಿ ಅದೂ ಒಂದೇ ತಾಣಕ್ಕಿಳಿಯಿತು.

ಅದೇ ದಿನ ಸಹಿಯಾದ, ದಾಳಿಯ ಕ್ಷಿಪಣಿಗಳಿಗೆ ಮಿತಿ ಹಾಕುವ ಸಾಲ್ಟ್ ಒಪ್ಪಂದ ಮಾತ್ರ ನನ್ನ ಪ್ರಕಾರ ಅರೆಬರೆ ಕೆಲಸ. ಅದು ಕ್ಷಿಪಣಿ ಉಡಾವಕಗಳನ್ನು ಎಣಿಸಿತು, ಕ್ಷಿಪಣಿ ಹೊತ್ತೊಯ್ಯುವ ಬಾಂಬ್‌ಗಳನ್ನು, ಅಂದರೆ ಸಿಡಿತಲೆಗಳನ್ನಲ್ಲ. ಅಮೆರಿಕದ ಮಿನಿಟ್‌ಮನ್-3 ಎಂಬ ಕ್ಷಿಪಣಿ ಆಗಲೇ ಒಂದೇ ಕ್ಷಿಪಣಿಯಲ್ಲಿ 3 ಸಿಡಿತಲೆ ಹೊರುತ್ತಿತ್ತು. ಮುಂದೆ ಸೋವಿಯತ್ತರೂ ಅದೇ ದಾರಿ ಹಿಡಿದರು. ಕ್ಷಿಪಣಿಗೆ ಮಿತಿ ಇದ್ದರೂ ಸಿಡಿತಲೆಗಳು ಬೆಳೆಯುತ್ತಲೇ ಹೋದವು.

ನಿಜವಾಗಿ ಕಡಿತವಾಗಿದ್ದು ಎರಡೂ ದೇಶಗಳು 1987ರಲ್ಲಿ ಮಾಡಿಕೊಂಡ, ಮಧ್ಯಮ ದೂರದ ಕ್ಷಿಪಣಿಗಳ ಐಎನ್‌ಎಫ್ ಒಪ್ಪಂದದಿಂದ. 500ರಿಂದ 5,500 ಕಿ.ಮೀ. ದೂರ ಹಾರುವ, ನೆಲದಿಂದ ಉಡಾಯಿಸುವ 2,692 ಕ್ಷಿಪಣಿಗಳು ನಾಶವಾದವು. ಅದಕ್ಕಿಂತ ದೊಡ್ಡ ವಿಷಯ ಅಂದರೆ, ಒಬ್ಬರ ಕಾರ್ಖಾನೆ ಗೇಟಿನಲ್ಲಿ ಇನ್ನೊಬ್ಬರ ಪರಿವೀಕ್ಷಕರು ಕಾವಲು ಕೂತರು. ಎದುರಾಳಿಯ ಬಳಿ ಏನಿದೆ ಎಂದು ಕಣ್ಣಾರೆ ಕಂಡರೆ ಊಹೆಯ ಭಯ ಕಡಿಮೆಯಾಗುತ್ತದೆ.

ಎಬಿಎಂ ಒಪ್ಪಂದದಿಂದ ಅಮೆರಿಕ 2002ರಲ್ಲಿ ಹೊರಬಂತು. 2018ರಲ್ಲಿ ಪುಟಿನ್, ತಡೆ ವ್ಯವಸ್ಥೆಗಳನ್ನು ತಪ್ಪಿಸಿ ಹೋಗುವ ಹೊಸ ಅಸ್ತ್ರಗಳನ್ನು ಪ್ರದರ್ಶಿಸುವಾಗ ಕೊಟ್ಟ ಕಾರಣ ಅದೇ.