ನೆಟ್ ನಿಲ್ಲಿಸಿದರೆ ಸುಳ್ಳು ನಿಲ್ಲುತ್ತಾ, ಮೇಷ್ಟ್ರೇ?

(ಪಾಂಡವಪುರ ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರ ಪತ್ರ: ಗಲಾಟೆ ಆದ ಕೂಡಲೇ ಸರ್ಕಾರ ಇಂಟರ್ನೆಟ್ ನಿಲ್ಲಿಸಬೇಕು. ವಾಟ್ಸಾಪ್ ಸುಳ್ಳಿಗೆ ಬೇರೆ ಮದ್ದಿಲ್ಲ. ನಮ್ಮ ಕಾಲದಲ್ಲಿ ನೆಟ್ ಇರಲಿಲ್ಲ, ನಾವು ಬದುಕಲಿಲ್ವೇ?)

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಭಯ ನನಗೂ ಇದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಮೆಸೇಜ್ ಊರೂರು ಸುತ್ತಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರಿಗೂ ಅದೇ ಗತಿ. ಅವರ ಜೊತೆಗಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ತಪ್ಪಾಯಿತು. ಇದನ್ನು ಮರೆತು ನಿಮಗೆ ಉತ್ತರ ಬರೆಯೋಕೆ ಆಗಲ್ಲ.

ಆದರೂ ನಿಮ್ಮ ಮಾತು ಒಪ್ಪುವುದಿಲ್ಲ.

ಹೋದ ತಿಂಗಳು ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಒಂದು ಗಂಟೆ ನೆಟ್‌ವರ್ಕ್ ಹೋಗಿತ್ತು. ಯಾರೂ ಬಂದ್ ಮಾಡಿಸಿದ್ದಲ್ಲ, ಸುಮ್ನೆ ಹೋಗಿತ್ತು. ಎರಡು ಮೊಳ ಮಲ್ಲಿಗೆ ತಗೊಂಡು ಫೋನ್ ಹಿಡಿದು ನಿಂತೆ, ದುಡ್ಡು ಹೋಗಲೇ ಇಲ್ಲ. ಆ ಅಮ್ಮ ರಟ್ಟಿನ ಡಬ್ಬದ ಮೇಲೆ ಪೆನ್ಸಿಲ್‌ನಲ್ಲಿ ಸಾಲ ಬರೆದಿಟ್ಟಿದ್ದರು: ನೀಲಿ ಷರಟು 40, ಸ್ಕೂಟರ್ 120. ಹೆಸರು ಗೊತ್ತಿಲ್ಲದ ಗಿರಾಕಿಗಳು. ನನ್ನದು 'ಕನ್ನಡಕ 80' ಅಂತ ಸೇರಿಸಿದರು. ಮಾರನೇ ದಿನ ಹೋಗಿ ಕೊಟ್ಟೆ. ಸ್ಕೂಟರಿನವರು ಇನ್ನೂ ಬಂದಿರಲಿಲ್ಲ. ಇದು ಒಂದು ಗಂಟೆಯ ಕಥೆ. ಎರಡು ದಿನ ಆದರೆ? ನಿಮ್ಮೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಮೆಷಿನ್‌ಗೆ ಹೆಬ್ಬೆಟ್ಟು ಒತ್ತದೆ ಅಕ್ಕಿ ಕೊಡ್ತಾರಾ? ನಮ್ಮ ಕಾಲದಲ್ಲಿ ನೆಟ್ ಇರಲಿಲ್ಲ, ನಿಜ. ಆಗ ಅಕ್ಕಿಗೆ ನೆಟ್ ಬೇಕಿರಲೂ ಇಲ್ಲ.

ಇನ್ನು ಸುಳ್ಳಿನ ವಿಷಯ. ನಿಮ್ಮ ಪತ್ರದಲ್ಲೇ ಒಂದು ಸಂಗತಿ ಬರೆದಿದ್ದೀರಿ. ಊರ ಗುಡಿಗೆ ಯಾರೋ ಕಲ್ಲು ಹೊಡೆದರು ಅಂತ ಗ್ರೂಪಿನಲ್ಲಿ ಸುದ್ದಿ ಬಂತು. ನೀವೇ ಸೈಕಲ್ ಹತ್ತಿ ಹೋಗಿ ನೋಡಿದಿರಿ, ಏನೂ ಆಗಿರಲಿಲ್ಲ. ಫೋಟೋ ತೆಗೆದು ಹಾಕಿದಿರಿ, ಎಲ್ಲರೂ ತಣ್ಣಗಾದರು. ಆ ಫೋಟೋ ಹೋಗಿದ್ದು ಅದೇ ನೆಟ್‌ನಲ್ಲಿ ಅಲ್ವಾ? ಸುಳ್ಳು ಹಬ್ಬೋಕೆ ಬಾಯಿ ಇದ್ದರೂ ಸಾಕು. ಅದನ್ನು ಹಿಂದೆಯೇ ಓಡಿ ಹಿಡಿಯೋಕೆ ನಿಮ್ಮಂಥವರ ಕೈಯಲ್ಲಿ ಫೋನ್ ಬೇಕು.

ಮಣಿಪುರ ನೋಡಿ. 2023ರ ಮೇ 3ಕ್ಕೆ ಗಲಭೆ ಶುರುವಾಯಿತು, ನೆಟ್ ನಿಂತಿತು. ಮಾರನೇ ದಿನ ಹೆಣ್ಣುಮಕ್ಕಳನ್ನು ಬೆತ್ತಲೆ ಮಾಡಿ ಮೆರವಣಿಗೆ ಮಾಡಿದರು. ಆ ವಿಡಿಯೋ ದೇಶದ ಕಣ್ಣಿಗೆ ಬಿದ್ದಿದ್ದು ಜುಲೈ 19ಕ್ಕೆ. ಮರುದಿನವೇ ಸುಪ್ರೀಂ ಕೋರ್ಟ್ ಸರ್ಕಾರಗಳಿಗೆ ಛೀಮಾರಿ ಹಾಕಿತು, ಮುಖ್ಯ ಆರೋಪಿ ಸಿಕ್ಕಿಬಿದ್ದ. ಎರಡೂವರೆ ತಿಂಗಳು ಆ ಹೆಣ್ಣುಮಕ್ಕಳ ಕೂಗು ದೇಶಕ್ಕೆ ಕೇಳಲಿಲ್ಲ. ನಾನು ಪತ್ರಿಕೆಯವನು. ತುರ್ತು ಪರಿಸ್ಥಿತಿ ಹೇರಿದ 1975ರ ಜೂನ್ 25ರ ರಾತ್ರಿ ದೆಹಲಿಯ ಪತ್ರಿಕೆಗಳಿಗೆ ಕರೆಂಟ್ ಕಟ್ ಮಾಡಿಸಿದ್ದು ನೆನಪಾದರೆ ಇವತ್ತಿಗೂ ಸಿಟ್ಟು ಬರುತ್ತೆ.

ಕಾನೂನು ಇದೆಯಲ್ಲ ಅನ್ನಬಹುದು. ಇದೆ. ಆದೇಶವನ್ನು ಪ್ರಕಟಿಸಬೇಕು, ಕೊನೆಯಿಲ್ಲದಂತೆ ನಿಲ್ಲಿಸುವ ಹಾಗಿಲ್ಲ ಅಂತ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಾಶ್ಮೀರದ ಕೇಸಿನಲ್ಲಿ ಹೇಳಿತು. ಅದೇ ವರ್ಷ ಒಂದು ಆದೇಶಕ್ಕೆ 15 ದಿನದ ಮಿತಿ ಬಂತು. ಆದರೆ 15 ದಿನ ಮುಗಿದರೆ ಇನ್ನೊಂದು ಆದೇಶ ಹೊರಡಿಸಬಹುದು. ರಾಜ್ಯದಲ್ಲಿ ಆದೇಶ ಮಾಡೋರು ಗೃಹ ಕಾರ್ಯದರ್ಶಿ. ಅದು ಸರಿಯೋ ತಪ್ಪೋ ನೋಡುವ ಸಮಿತಿಯಲ್ಲಿ ಇರೋರೂ ಸರ್ಕಾರದ ಕಾರ್ಯದರ್ಶಿಗಳೇ. ಉತ್ತರ ಬರೆದವನ ಕೈಗೇ ಕೆಂಪು ಪೆನ್ನು ಕೊಟ್ಟ ಹಾಗೆ. 2021ರಲ್ಲಿ ರಾಜಸ್ಥಾನದಲ್ಲಿ ಶಿಕ್ಷಕರ ಪರೀಕ್ಷೆಯಲ್ಲಿ ನಕಲು ತಡೆಯೋಕೆ ಅಂತಲೂ ನೆಟ್ ನಿಲ್ಲಿಸಿದರು. ನೀವು ಎಷ್ಟೋ ಪರೀಕ್ಷೆ ನಡೆಸಿದ್ದೀರಿ. ನಕಲು ಹಿಡಿಯೋಕೆ ಇಡೀ ಊರಿನ ಬಾಗಿಲು ಹಾಕಿಸಿದ್ರಾ?

ತೀರಾ ಬೆಂಕಿ ಹತ್ತಿದಾಗ, ಆ ಪಟ್ಟಣಕ್ಕೆ ಮಾತ್ರ, ಕೆಲವೇ ಗಂಟೆ ಅಂದರೆ ಒಪ್ಪಿಯೇನು. ಆಗಲೂ ಆದೇಶ ತಾಲ್ಲೂಕು ಕಚೇರಿ ಬೋರ್ಡಿಗೆ ಅಂಟಬೇಕು. ಮಾರನೇ ದಿನವೇ ನ್ಯಾಯಾಧೀಶರ ಮುಂದೆ ಹೋಗಬೇಕು. ಆಸ್ಪತ್ರೆಗೆ, ರೇಷನ್ ಅಂಗಡಿಗೆ ಲೈನ್ ಉಳಿಯಬೇಕು. ಇಡೀ ಜಿಲ್ಲೆಗೆ, ದಿನಗಟ್ಟಲೆ ನಿಲ್ಲಿಸುವ ಅಧಿಕಾರವನ್ನು ಮಾತ್ರ ಯಾವ ಪಕ್ಷದ ಸರ್ಕಾರಕ್ಕೂ ಕೊಡೋಕೆ ನಾನು ತಯಾರಿಲ್ಲ.

— ಸಂಪಾದಕ, ಮೈಸೂರು